ಮದುವೆ ಆಗಿದೆ

ತೀರಿಕೊಂಡು ವರ್ಷವಾಗುತ್ತ ಬಂದಿದ್ದ ಅನುಸೂಯಳನ್ನು ನೋಡಲು ಭಾನುವಾರ ಮತ್ತೊಂದು ಗಂಡಿನ ಕಡೆಯವರು ಬಂದಿಳಿದರು. ಹೂವು, ಹಣ್ಣು, ಜೊತೆಗೆ ನಗುಮುಖದ ಒಬ್ಬ ಸೋದರತ್ತೆ. ತಾಯಿ ಬೋರಕ್ಕ ಅವರಿಗೆ ನೀರು ಕೊಟ್ಟು, ವಿಷಯ ಹೇಳಿ, ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಮರುದಿನವೇ ಗಂಡ ಹೆಂಡತಿ ಐಮಂಗಲದಲ್ಲಿ ಬಸ್ಸು ಹತ್ತಿ ಹಿರಿಯೂರಿನ ವಧು-ವರರ ಕೇಂದ್ರಕ್ಕೆ ಬಂದರು.

"ಮಗಳ ಹೆಸರು ತೆಗಿ ಅಂತ ಆವತ್ತೇ ಹೇಳಿದ್ನಲ್ಲಪ್ಪ," ಎಂದ ದೊಡ್ಡತಿಮ್ಮಪ್ಪ.

"ತೆಗ್ದಿದ್ದೆ ಯಜಮಾನ್ರೆ," ಎಂದ ಕಂಪ್ಯೂಟರ್ ಮುಂದೆ ಕೂತಿದ್ದ ಮಾರುತೇಶ್. ಅವನಿಗೆ ನಿಜಕ್ಕೂ ಸಂಕಟವಾಗಿತ್ತು. "ದುರ್ಗ, ಹೊಸದುರ್ಗ, ಹೊಳಲ್ಕೆರೆ, ನಮ್ದು, ಒಂದೊಂದು ಕೇಂದ್ರಕ್ಕೂ ಒಂದೊಂದು ಕಂಪ್ಯೂಟರ್ ಐತೆ. ಇವುಗಳಾಗೆ ದೊಡ್ಡದು ಸಣ್ಣದು ಅಂತಿಲ್ಲ. ದಿನಾ ಸಂಜೆ ಫೋನ್ ಲೈನಿನಾಗೆ ಒಂದಕ್ಕೊಂದು ತಾಳೆ ನೋಡ್ಕಂತಾವೆ. ಒಂದ್ರಾಗಿರೋ ಹೆಸರು ಇನ್ನೊಂದ್ರಾಗೆ ಇಲ್ಲ ಅಂದ್ರೆ, ಬಿಟ್ಟೋಗೈತೆ ಅಂತ ತುಂಬ್ಕಂತಾವೆ. ಎಲ್ಲಾ ಕಡೆ ಹೇಳಿ ಅಳಿಸ್ದೆ. ಹೊಳಲ್ಕೆರೆ ಲೈನ್ ಮಾತ್ರ ಕೆಟ್ಟಿತ್ತು. ಸರಿಹೋದ ದಿನ ಅದು ಎಲ್ಲಕ್ಕೂ ವಾಪಸ್ ಕೊಟ್ಟೈತೆ."

"ಸತ್ತೋಗ್ಯಾಳೆ ಅಂತ ಅದ್ಕೆ ಹೇಳಾಕಾಗಲ್ವ?"

"ಹಂಗೆ ಬರೆಯಾಕೆ ಜಾಗನೇ ಇಟ್ಟಿಲ್ಲ. ಮದುವೆ ಆಗಬೇಕು, ಮದುವೆ ಆಗಿದೆ, ಎರಡೇ ಇರೋದು."

ಶುಭಕಾರ್ಯದ ಜಾಗದಲ್ಲಿ ಸಾವಿನ ಸುದ್ದಿ ಯಾಕೆ ಎಂದು ಕೇಂದ್ರದ ಹಿರಿಯರೇ ಅದನ್ನು ಬೇಡವೆಂದಿದ್ದರು. ಹರಯದ ಹುಡುಗಿಯರು ಸಾಯುವುದಿಲ್ಲ ಎಂದು ಅವರಿಗೆ ಯಾರು ಹೇಳಿದ್ದರೋ.

ಮಾರುತೇಶ್ ದನಿ ತಗ್ಗಿಸಿದ. "ಆಗಿದೆ ಅಂತ ಬರೆದ್ರೆ ಎಲ್ಲಾವೂ ಒಪ್ಕಂತಾವೆ, ಹೊಸ ಸುದ್ದಿ ಹಳೇದನ್ನ ಅಳಿಸ್ತೈತೆ. ಆಮೇಲೆ ಯಾರೂ ನಿಮ್ಮನೆ ಬಾಗಿಲಿಗೆ ಬರಲ್ಲ."

ದೊಡ್ಡತಿಮ್ಮಪ್ಪ ಟವಲಿನಿಂದ ಮುಖ ಒರೆಸಿಕೊಂಡು, "ಹಾಕು," ಎಂದ.

ಮಾರುತೇಶ್ ಕೀ ಒತ್ತಿದ. ಮತ್ತೆ ಒತ್ತಿದ. "ಗಂಡಿನ ಹೆಸರು ಕೇಳ್ತೈತೆ. ಖಾಲಿ ಬಿಟ್ರೆ ತಗಳಲ್ಲ. ಯಾವ್ದಾರ ಒಂದು ಹೇಳ್ರಿ."

ಬೋರಕ್ಕ ಎದ್ದು ಮೇಜಿನ ಹತ್ತಿರ ಬಂದಳು.

"ಬೀರೇಶ ಅಂತ ಬರಿಯಪ್ಪ. ಕುರಿ ಕಾಯೋರ ಹುಡುಗ. ಅವನ್ನೇ ಆಗ್ತೀನಿ ಅಂತ ಅತ್ತೂ ಅತ್ತೂ ಪ್ರಾಣ ಕಳ್ಕಂಡ್ಲು ನನ್ನ ಮಗಳು. ಆವತ್ತು ಆಗಲ್ಲ ಅಂದೋರು ಇಲ್ಲೇ ಕುಂತವ್ರೆ, ಒಂದ್ಮಾತು ಕೇಳಿ ಬರ್ಕ."