ಏಳು ಮೆಣಸಿನಕಾಯಿ

ಡಾಕ್ಟರು ಅವಳೊಬ್ಬಳನ್ನೇ ಒಳಗೆ ಕರೆದು, ಗಂಡನಿಗೆ ಇನ್ನು ಎರಡೇ ತಿಂಗಳು ಎಂದಿದ್ದರು. ಅದನ್ನು ಅವಳು ಗಂಡನಿಗೂ ಹೇಳಿರಲಿಲ್ಲ, ಅತ್ತೆಗೂ ಹೇಳಿರಲಿಲ್ಲ.

ಇಂದು ಅತ್ತೆ ಮಗನಿಗೆ ದೃಷ್ಟಿ ತೆಗೆದಳು. ಡಬ್ಬಿಯ ಮುಚ್ಚಳ ತೆಗೆದರೇ ಸೀನು ಬರುವಂಥ ಗುಂಟೂರು ಮೆಣಸಿನಕಾಯಿ. ಏಳನ್ನು ಮುಷ್ಟಿಯಲ್ಲಿ ಹಿಡಿದು, ಹಾಸಿಗೆಯಲ್ಲಿದ್ದ ಮಗನಿಗೆ ಮೂರು ಸಲ ನಿವಾಳಿಸಿ ಕೆಂಡಕ್ಕೆ ಹಾಕಿದಳು. ಹೊಗೆ ಎದ್ದಿತು. ಯಾರೂ ಕೆಮ್ಮಲಿಲ್ಲ.

"ನೋಡಿದ್ಯೇನಪ್ಪಾ, ಒಂಚೂರೂ ಘಾಟು ಬರಲಿಲ್ಲ! ಅಷ್ಟು ಕೆಟ್ಟ ದೃಷ್ಟಿ ಆಗಿತ್ತು ನಿನಗ. ಎಲ್ಲಾ ಸುಟ್ಟು ಹೋತು. ಇನ್ನ ಆರಾಮ ಆಗ್ತಿ."

"ಖರೇನ ಯವ್ವಾ?" ಅವನು ಎಷ್ಟೋ ದಿನಗಳ ಮೇಲೆ ನಕ್ಕ. ಹೆಂಡತಿಯ ಕಡೆ ತಿರುಗಿ, "ಹಸಿವಾಗೈತಿ, ಒಂದು ರೊಟ್ಟಿ ತಾ" ಎಂದ.

ಅವಳು ಅಡುಗೆಮನೆಗೆ ಓಡಿದಳು. ರೊಟ್ಟಿ ಬುಟ್ಟಿಯ ಹಿಂದೆ ಒಂದು ಬಟ್ಟಲಿತ್ತು. ಅದರ ತುಂಬ ಮೆಣಸಿನಕಾಯಿ ಸೀಳಿ ತೆಗೆದ ಬೀಜ, ತಿರುಳು. ಪಕ್ಕದ ಪಾತ್ರೆಯಲ್ಲಿ ಬರೀ ಸಿಪ್ಪೆಯನ್ನು ತಿಕ್ಕಿ ತೊಳೆದ ಕೆಂಪು ನೀರು.

ಹಿಂದೆಯೇ ಬಂದ ಅತ್ತೆ, ಉರಿಯುತ್ತಿದ್ದ ಎರಡೂ ಕೈಗಳನ್ನು ಮಜ್ಜಿಗೆಯಲ್ಲಿ ಅದ್ದಿಕೊಂಡು ಮೆಲ್ಲಗೆ ಕೇಳಿದಳು:

"ಎಷ್ಟು ದಿನ ಅಂದಾರವಾ, ಡಾಕ್ಟರು?"