ಮೂವತ್ತಾರನೆಯದು

ರೀಲಿನ ಕಡೆಯ ಫೋಟೋವನ್ನು ಬದುಕಿದ್ದವರಿಗೆ ಎಂದೂ ತೆಗೆಯುವುದಿಲ್ಲವೆಂದು ಸಿದರಾಯ ಹದಿನೈದು ವರ್ಷದ ಹಿಂದೆ ತನ್ನ ಗುರು ಸಾತಪ್ಪನಿಗೆ ಮಾತು ಕೊಟ್ಟಿದ್ದ. ಜೀವಮಾನದಲ್ಲಿ ಒಂದೂ ಫೋಟೋ ತೆಗೆಸಿಕೊಳ್ಳದೆ ಸತ್ತವರ ಮನೆಯಿಂದ ಯಾವ ಹೊತ್ತಿನಲ್ಲಾದರೂ ಕರೆ ಬರುತ್ತಿತ್ತು. ಹೆಣವನ್ನು ಕುರ್ಚಿಯಲ್ಲಿ ಕೂರಿಸಿ, ಮಾಲೆ ಹಾಕಿ ಕಾಯುತ್ತಿದ್ದರು. "ಒಮ್ಮೆ ರೀಲ್ ಮುಗದು ಬರಿಗೈಲೆ ಹೋಗಿ ನಿಂತಿದ್ದೆ. ಆ ಮನಿ ಹೆಣ್ಣಮಗಳ ಮಾರಿ ಇನ್ನೂ ನನ್ನ ಕಣ್ಣಾಗೈತಿ. ಕಡೀದೊಂದು ಉಳಿಸಿಡಪಾ," ಎಂದಿದ್ದ ಸಾತಪ್ಪ.

ಈಗ ತುಬಚಿಯ ಹತ್ತಿರ, ಕೃಷ್ಣೆಯ ನಡುವಿನ ಉಸುಕಿನ ದಿಬ್ಬದ ಮೇಲೆ ಸಿದರಾಯ ಬೋರಲು ಮಲಗಿದ್ದ. ಬನಹಟ್ಟಿಯ ನೂಲಿನ ವ್ಯಾಪಾರಿಯೊಬ್ಬರಿಗೆ ಕ್ಯಾಲೆಂಡರಿಗೆ ಹಕ್ಕಿ ಬೇಕಿತ್ತು. ದೇವರನ್ನು ಹಾಕಿ ಹಾಕಿ ಸಾಕಾಗಿತ್ತಂತೆ. ಕರಿತಲೆಯ, ಹಳದಿ ಕೊಕ್ಕಿನ ಹೊಳೆಹಕ್ಕಿಗಳು ಬರಿ ಉಸುಕಿನಲ್ಲೇ ಮೊಟ್ಟೆ ಇಟ್ಟು ಕಾವು ಕೂತಿದ್ದವು. ಮೂವತ್ತೈದು ಫೋಟೋ ಆದವು.

"ತಮ್ಮಾ, ನಂದೂ ಒಂದು ಹೊಡಿಯೋ," ಎಂದ, ಹರಗೋಲಿನಲ್ಲಿ ಅವನನ್ನು ದಾಟಿಸಿ ತಂದಿದ್ದ ಅಂಬಿಗರ ಸಾಬಣ್ಣ. "ಅರವತ್ತಾತು, ನನ್ನ ಮಾರಿ ನಾನ ಹೊಳಿಯಾಗ ನೋಡಿದ್ದಷ್ಟ."

"ಒಂದ ಉಳದೈತಿ, ಕಾಕಾ. ಅದು ಸತ್ತವರಿಗೆ."

"ಹಂಗಾದ್ರ ಸತ್ತು ಬರ್ತೀನಿ, ತಡಿ!" ನಗುತ್ತ ಸಾಬಣ್ಣ, ತುಸು ತೇಲಿಹೋಗಿದ್ದ ಹರಗೋಲು ಎಳೆದು ತರಲು ತೊಡೆಮಟ್ಟ ನೀರಿಗೆ ಇಳಿದ.

ಸಿದರಾಯ ಎದ್ದು ನಿಂತ. ಹಕ್ಕಿಗಳೆಲ್ಲ ಒಮ್ಮೆಲೆ ಹಾರಿ, ಕಿರುಚುತ್ತ ಅವನ ತಲೆಗೇ ಎರಗತೊಡಗಿದವು. ಆಗಲೇ ಸಾಬಣ್ಣನ ಬೆನ್ನ ಹಿಂದೆ ಒಂದು ಕೊರಡು ಕಂಡಿತು. ಕೊರಡು ಹೊಳೆಯ ಹರಿವಿಗೆ ಎದುರಾಗಿ ಬರುತ್ತಿತ್ತು.

"ಕಾಕಾ! ಮೊಸಳಿ!" ಸಿದರಾಯ ಕೂಗಿ ಅಂಗೈ ಎತ್ತಿದ. ಕೂಗು ಹಕ್ಕಿಗಳ ಗದ್ದಲದಲ್ಲಿ ಮುಳುಗಿತು. ಅಂಗೈ ಮಾತ್ರ ಸಾಬಣ್ಣನಿಗೆ ಕಂಡಿತು. ಮದುವೆ ಮನೆಗಳಲ್ಲಿ ಸಿದರಾಯ ಹಾಗೆ ಕೈ ಎತ್ತಿದರೆ ಜನ ಅಲುಗದೆ ನಿಲ್ಲುವುದನ್ನು ಅವನು ನೋಡಿದ್ದ. ಹುಡುಗನ ಮನಸ್ಸು ಕರಗಿತು ಅಂದುಕೊಂಡ. ಹರಗೋಲು ಬಿಟ್ಟು, ರುಮಾಲು ಸರಿಮಾಡಿ, ಮೀಸೆ ತೀಡಿ, ನೀರಿನಲ್ಲಿ ನೆಟ್ಟಗೆ ನಿಂತುಬಿಟ್ಟ.

ಇನ್ನು ಕೈ ಬೀಸಿದಷ್ಟೂ ಮುದುಕ ಬಿಗಿಯಾಗಿ ನಿಲ್ಲುತ್ತಾನೆ. ಸಿದರಾಯ ಕ್ಯಾಮೆರಾ ಕಣ್ಣಿಗೆ ಹಿಡಿದು, ಇನ್ನೊಂದು ಕೈಯಿಂದ ಮೆಲ್ಲಗೆ ಸನ್ನೆ ಮಾಡಿದ: ಮುಂದಕ್ಕೆ. ಸಾಬಣ್ಣ ಒಂದು ಹೆಜ್ಜೆ ಇಟ್ಟ. ಅವನ ಹೆಗಲ ಹಿಂದೆ, ನೀರಿನ ಮೇಲೆ ಎರಡು ಕಣ್ಣು. ಇನ್ನೂ ಮುಂದಕ್ಕೆ. ಎರಡು ಕಣ್ಣೂ ಮುಳುಗಿದವು. ಈಗ ನೀರಿನ ಮೇಲೆ ಏನೂ ಇರಲಿಲ್ಲ. ಮುಖದಲ್ಲಿ ಹೆದರಿಕೆ ಕಂಡರೆ ಮುದುಕನಿಗೆ ತಿಳಿದುಬಿಡುತ್ತದೆ, ಗಾಬರಿಯಾಗಿ ಅಲ್ಲೇ ಎಡವುತ್ತಾನೆ. ಸಿದರಾಯ ಹಲ್ಲು ಕಿರಿದ. ಸಾಬಣ್ಣನೂ ಹಲ್ಲು ಕಿರಿದ. ನೀರು ಮೊಣಕಾಲಿಗೆ ಬಂತು, ಹಿಮ್ಮಡಿಗೆ ಬಂತು.

"ಇನ್ನೆಷ್ಟು ಮುಂದ ಬರಸ್ತಿಯೋ ಮಾರಾಯಾ! ನಿನ್ನ ಮೂಗಿನ ಮ್ಯಾಲೆ ನಿಂದ್ರಲೇನು?" ಒಣ ಉಸುಕಿಗೆ ಕಾಲಿಟ್ಟು ಸಾಬಣ್ಣ ಬೈದ.

ಅವನ ಹಿಂದೆ ಹರಗೋಲು ಧಡ್ಡನೆ ಮೇಲೆದ್ದು ಬಿತ್ತು. ಸಾಬಣ್ಣ ತಿರುಗಿದ. ಗರಗಸದಂಥ ಬಾಲವೊಂದು ನೀರು ಸೀಳಿ, ಒಳಗೆ ಹೋಯಿತು. ಅದು ಹೋದ ಮೇಲೂ ಬಹಳ ಹೊತ್ತು ಅವನು ಅಲ್ಲೇ ನೋಡುತ್ತಿದ್ದ. ಇತ್ತ ತಿರುಗಿದಾಗ ಮೀಸೆ ನಡುಗುತ್ತಿತ್ತು.

"ತಮ್ಮಾ... ಕಡೀದು ಸತ್ತವರಿಗೆ ಅಂದಿದ್ದಿಯಲ್ಲೋ?"

"ನೆಟ್ಟಗ ನಿಂದ್ರು, ಕಾಕಾ," ಎಂದು ಸಿದರಾಯ ಗುಂಡಿ ಒತ್ತಿದ.

ಸಾತಪ್ಪನಿಗೆ ಕೊಟ್ಟ ಮಾತು ಮುರಿಯಿತು.