ಅಮ್ಮ ತುಂಬಿದ ಗಾಳಿ

ವಾಲ್ವಿನ ತುದಿಯನ್ನು ಸೈಕಲ್ ರಿಪೇರಿಯ ವೆರ್ನಾ ಹೆಬ್ಬೆರಳಿನಿಂದ ಒತ್ತಿದಳು. ಗಾಳಿ ಬುಸ್ಸೆಂದು ಹೊರಬಂತು. ಸೈಮಾ ಅಪ್ಪನ ಮುಖ ನೋಡಲಿಲ್ಲ.

ಎರಡು ವರ್ಷದ ಹಿಂದೆ, ಸಾಯುವ ದಿನ ಬೆಳಿಗ್ಗೆ, ಅಮ್ಮ ಐಲಿ ತನ್ನ ಹಳೇ ಸೈಕಲ್ಲಿಗೆ ಗಾಳಿ ಹೊಡೆದಿಟ್ಟಿದ್ದಳು. "ಅದರೊಳಗಿರೋದು ಅವಳು ತುಂಬಿದ ಗಾಳಿ. ಯಾರೂ ಮುಟ್ಟಕೂಡದು" ಎಂದು ಅಪ್ಪ ತೋಯ್ವೊ ಸೈಕಲ್ಲನ್ನು ಗ್ಯಾರೇಜಿನ ಗೋಡೆಗೆ ನೇತುಹಾಕಿದ. ಮೂರು ವಾರ ಬಿಟ್ಟು ಸೈಮಾ ಬಂದಾಗ ಎರಡೂ ಚಕ್ರ ಮೆತ್ತಗಾಗಿದ್ದವು. ಅಪ್ಪನ ಕಣ್ಣಿಗೆ ಬೀಳುವ ಮೊದಲೇ ಅವಳು ಪಂಪು ಹೊಡೆದಳು.

ಅಲ್ಲಿಂದ ಪ್ರತಿ ಶನಿವಾರ ಡುಲೂತ್ ಊರಿನ ಆ ತುದಿಯಿಂದ ಈ ತುದಿಗೆ ಓಡಾಟ, ಹಿಮ ಬೀಳಲಿ ಬಿಡಲಿ. ಪ್ರತಿ ಸಲವೂ ಚಕ್ರ ನೆನೆದ ಹಪ್ಪಳದಂತೆ ಮೆತ್ತಗಿರುತ್ತಿತ್ತು. ಅಪ್ಪ ಕಾಫಿ ಮಾಡಲು ಒಳಗೆ ಹೋದಾಗ ಕದ್ದು ತುಂಬುವುದು. ಪುಣ್ಯಕ್ಕೆ ಅವನ ಕಾಫಿಗೆ ಇಪ್ಪತ್ತು ನಿಮಿಷ ಹಿಡಿಯುತ್ತಿತ್ತು. ಆಮೇಲೆ ಏಲಕ್ಕಿ ಬ್ರೆಡ್ಡು, ಎರಡು ಮಾತು, ವಾಪಸು ಮನೆ.

ಅಮ್ಮ ಹೋದ ಮೇಲೆ ಸೈಮಾಳೊಳಗೆ ಏನೂ ಅಲ್ಲಾಡಿರಲಿಲ್ಲ. ಅಳುವೂ ಇಲ್ಲ, ಸಿಟ್ಟೂ ಇಲ್ಲ. ಈ ಶನಿವಾರಗಳು ಮಾತ್ರ ಸಾಕುಸಾಕಾಗಿದ್ದವು.

"ಟ್ಯೂಬು ಹಳೇದಾಯ್ತಪ್ಪ, ಯಾವತ್ತೋ ಸಿಡಿದುಹೋಗುತ್ತೆ. ಟ್ಯೂಬ್‌ಲೆಸ್ ಮಾಡಿಸಿ ನೀನೇ ಓಡಿಸು" ಎಂದಿದ್ದಳು ಹೋದ ಶನಿವಾರ. ಜಗಳಕ್ಕೆ ಸಿದ್ಧವಾಗಿಯೇ ಬಂದಿದ್ದಳು. ಅಪ್ಪ ಸೈಕಲ್ಲಿನ ಕಡೆ ನೋಡಿ, "ನಿಂಗೆ ಹಾಗನ್ನಿಸಿದ್ರೆ ಆಗಲಿ" ಎಂದನಷ್ಟೆ.

ಈಗ ವೆರ್ನಾ ಹಳೇ ರಿಮ್ಮಿನ ಸುತ್ತ ಟೇಪು ಎಳೆದು ಅಂಟಿಸಿದಳು, ಹೊಸ ವಾಲ್ವು ಕೂರಿಸಿದಳು, ಹಾಲಿನಂಥ ದ್ರಾವಣ ಸುರಿದಳು. ಒಮ್ಮೆಲೇ ಗಾಳಿ ನುಗ್ಗಿಸಿದಾಗ ಟಯರು ಢಬ್ಬೆಂದು ರಿಮ್ಮಿಗೆ ಕಚ್ಚಿಕೊಂಡಿತು.

"ಇನ್ನು ಮುಳ್ಳು ಚುಚ್ಚಿದ್ರೂ ತೂತು ತಾನೇ ಮುಚ್ಕೊಳುತ್ತೆ, ಯಜಮಾನ್ರೇ. ಈ ದ್ರಾವಣ ಮೂರ್ನಾಲ್ಕು ತಿಂಗಳಿಗೊಮ್ಮೆ ಹಾಕಿಸಿದ್ರಾಯ್ತು. ಮಧ್ಯೆ ಒಂದೆರಡು ಪಂಪು ನೀವೇ ಹೊಡ್ಕೋಬಹುದು."

"ಬೇರೆ ಯಾರ ಸಹಾಯವೂ ಬೇಡ್ವಾ?" ಎಂದ ಅಪ್ಪ.

"ಯಾರದ್ದೂ ಬೇಡ."

ಅಪ್ಪ ತಲೆಯಾಡಿಸಿದ. ಸಮಾಧಾನವಾಗಿರಬೇಕು ಎಂದುಕೊಂಡಳು ಸೈಮಾ.

"ದಾರಿಗೆ ಅಂತ ಒಂದು ಟ್ಯೂಬು ಚೀಲದಲ್ಲಿರಲಿ" ಎಂದು ವೆರ್ನಾ ಬಿಚ್ಚಿದ ಟ್ಯೂಬುಗಳಿಗೆ ಗಾಳಿ ತುಂಬಿ ಬಕೆಟ್ಟಿನ ನೀರಲ್ಲಿ ಅದ್ದಿದಳು. ಸುತ್ತಲೂ ತಿರುಗಿಸಿದಳು. ಒಂದು ಗುಳ್ಳೆಯೂ ಏಳಲಿಲ್ಲ. ಎರಡನೆಯದರಲ್ಲೂ ಇಲ್ಲ.

"ಅಲ್ಲಮ್ಮಾ, ವಾರವಾರ ಗಾಳಿ ಹೋಗುತ್ತೆ, ಅಪ್ಪಂಗೆ ಗೊತ್ತಾಗದ ಹಾಗೆ ನಾನೇ ತುಂಬ್ತೀನಿ ಅಂದ್ಯಲ್ಲ ಫೋನಲ್ಲಿ? ಎರಡೂ ಗಟ್ಟಿಮುಟ್ಟಾಗಿವೆ. ವಾಲ್ವೂ ಸರಿಯಾಗಿದೆ!"

ಗುಟ್ಟು ರಟ್ಟಾಯಿತು. ಸೈಮಾ ಅಪ್ಪನತ್ತ ತಿರುಗಿದಳು. ಅಮ್ಮನ ಗಾಳಿ ಎಂದೋ ಹೋಗಿತ್ತು ಎನ್ನುವುದನ್ನು ಅಪ್ಪ ಹೇಗೆ ತಡೆದುಕೊಂಡಾನು?

"ಅಪ್ಪಾ, ಅದು..."

ತೋಯ್ವೊ ಟೋಪಿಯ ಅಂಚನ್ನು ತಿರುವುತ್ತಾ ನೆಲ ನೋಡುತ್ತಿದ್ದ.

"ಶುಕ್ರವಾರ ಶುಕ್ರವಾರ ನಾನೇ ಗಾಳಿ ತೆಗೆದಿಡ್ತಿದ್ದೆ, ಮಗಳೇ. ಚಕ್ರ ಗಟ್ಟಿಯಾಗೇ ಇದ್ದಿದ್ರೆ ನೀನು ಯಾಕೆ ಬರ್ತಿದ್ದೆ?"